ಪೆನ್ಸಿಲ್ ಹಿಡಿದು ಓದಿದವಳ ಅರ್ಜಿ

ಹುಬ್ಬಳ್ಳಿಯ ಪತ್ರಿಕಾ ಕಚೇರಿಯಲ್ಲಿ ನನ್ನ ಪಾಳಿ ಸಂಜೆಗೆ ಶುರು. ಹಾಗಾಗಿ ವಾರಕ್ಕೆರಡು ಮುಂಜಾನೆ ಸಪ್ತಾಪುರದ ಒಂದು ಕಾಲೇಜಿಗೆ ಹೋಗಿ ಬರವಣಿಗೆ ಕಲಿಸುತ್ತೇನೆ. ಪೆನ್ಸಿಲ್ ಹಿಡಿದು ಓದಿ, ಅನುಮಾನ ಬಂದಲ್ಲಿ ಅಂಚಿನಲ್ಲಿ ಪ್ರಶ್ನೆ ಬರೆಯಿರಿ, ಆಮೇಲೆ ನಿಮ್ಮ ಬರಹಕ್ಕೂ ಅದನ್ನೇ ಕೇಳಿ ಎನ್ನುತ್ತೇನೆ. ಕಚೇರಿಯಲ್ಲಿ ನಾವು ಮಾಡುವುದೂ ಅಷ್ಟೇ.

ಮೊದಲ ದಿನ ಯಾರೂ ಪೆನ್ಸಿಲ್ ಎತ್ತಲಿಲ್ಲ. ಕೈತಪ್ಪಿ ಬಿದ್ದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ಮಕ್ಕಳು ಅವರು.

"ಸರ, ಸರಸ್ವತಿ ಮೈಮ್ಯಾಲೆ ಗೀಚೂದು ಹ್ಯಾಂಗ್ರಿ?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಝೆರಾಕ್ಸ್ ಮಾಡಿಸ್ಕೊಂಡು ಅದರ ಮ್ಯಾಲೆ ಬರಿಯವಾ."

ಗ್ರಂಥಾಲಯದ ಒಂದು ಪ್ರವಾಸಕಥನವನ್ನು ಆಯ್ದು ಕೊಟ್ಟೆ. ಮುಂದಿನ ವಾರ ಎಲ್ಲರೂ ತಮ್ಮ ಟಿಪ್ಪಣಿ ಓದಿದರು. ಲೇಖಕರು ಹಿರಿಯರೆಂದು ತಕರಾರುಗಳೂ ಬಹುವಚನದಲ್ಲೇ ಇದ್ದವು. ಆ ಹುಡುಗಿಯವು ಎಲ್ಲಕ್ಕಿಂತ ಖಾರ: "ಈ ಬೆಟ್ಟ ಮತ್ತ ಬಂತ್ರಿ." "ಇದನ್ನ ನೀವು ನೋಡೀರೋ, ಯಾರರೆ ಹೇಳಿದ್ರೋ?" "ಚಹಾ ಕುಡದಾತು, ಇನ್ನ ಮುಂದಕ್ಕ ನಡೀರಿ." ತರಗತಿ ನಕ್ಕಿತು. ಅವಳು ಅವನ್ನು ಎಲ್ಲಿ ಬರೆದಿದ್ದಾಳೆಂದು ನಾನು ನೋಡಲಿಲ್ಲ.

ತಿಳಿದದ್ದು ಪರೀಕ್ಷೆ ಹತ್ತಿರ ಬಂದಾಗ. ಝೆರಾಕ್ಸ್ ಅಂಗಡಿಯವನು ಕಾಗದ ಉಳಿಸಲು ಅಂಚುಗಳನ್ನೆಲ್ಲ ಕತ್ತರಿಸಿ, ಒಂದು ಹಾಳೆಯಲ್ಲಿ ಎರಡು ಪುಟ ಕೂರಿಸಿದ್ದ. ಬರೆಯಲು ಜಾಗವಿಲ್ಲದೆ ಇವಳು ಗ್ರಂಥಾಲಯದ ಪುಸ್ತಕದಲ್ಲೇ ಬರೆದಿದ್ದಳು. ಹಾಲ್ ಟಿಕೆಟ್ ಸಿಗಬೇಕಾದರೆ ಪುಸ್ತಕ ಸರಿಯಾಗಿ ಮರಳಿದೆ ಎಂಬ ಚೀಟಿಗೆ ಗ್ರಂಥಪಾಲಕರ ಸಹಿ ಬೇಕು. ಅವರು ಪುಸ್ತಕ ತೆರೆದು ನೋಡಿ ಪೆನ್ನಿನ ಮುಚ್ಚಳ ಹಾಕಿದ್ದರು.

"ಹಾಲ್ ಟಿಕೆಟ್ ಕೊಡೂದು ನಾಳೆ ಕಡೇ ದಿನಾರೀ ಸರ. ಪರೀಕ್ಷಾ ಹೋತಂದ್ರ ಅಪ್ಪಗ ಏನ್ ಹೇಳ್ಲಿ?"

ಜೊತೆಗೆ ಹೋದೆ.

"ನೀವು ಪೇಪರಿನವರು ಜಾಗಾ ಖಾಲಿ ಕಂಡ್ರ ತುಂಬಿಸ್ತೀರಿ," ಎಂದರು ಗ್ರಂಥಪಾಲಕರು. "ಅದನ್ನ ಹುಡುಗೂರಿಗೂ ಕಲಿಸಿಬಿಟ್ರಿ?"

"ಎಲ್ಲಾ ಅಳಿಸಿ ಕೊಡ್ತಾಳ್ರಿ."

"ಅಳಸ್ಲಿ. ಜೋಡಿ ಒಂದು ತಪ್ಪೊಪ್ಪಿಗೆ ಅರ್ಜಿ ಬರಕೊಡ್ಲಿ. ಫೈಲಿಗೆ ಬೇಕು."

ಅವಳು ಮೊದಲ ಪುಟದಿಂದ, ನಾನು ಕೊನೆಯ ಪುಟದಿಂದ ರಬ್ಬರ್ ಉಜ್ಜುತ್ತ ಬಂದು ನಡುವೆ ಒಂದು ಬೆಟ್ಟದ ಬಳಿ ಸಂಧಿಸಿದೆವು.

ಮರುದಿನ ಅವಳು ಅರ್ಜಿ ಕೊಟ್ಟಳು. ಗ್ರಂಥಪಾಲಕರು ಬಹಳ ಹೊತ್ತು ಓದಿದರು. ಆಮೇಲೆ ಹಾಳೆಯನ್ನು ನನ್ನತ್ತ ತಿರುಗಿಸಿದರು. ಅವಸರದಲ್ಲಿ ಹುಡುಗಿ ಕಚ್ಚಾ ಪ್ರತಿಯನ್ನು ಕೊಟ್ಟಿದ್ದಳು.

"ಪೂಜ್ಯರ ದಿವ್ಯ ಸನ್ನಿಧಾನದಲ್ಲಿ ಬೇಡಿಕೊಳ್ಳುವುದೇನೆಂದರೆ" ಎಂದಿತ್ತು. ಅಂಚಿನಲ್ಲಿ: "ಇದು ಗುಡಿ ಅಲ್ರಿ."

"ಅರಿಯದೆ ಈ ತಪ್ಪನ್ನು ಎಸಗಿದ್ದೇನೆ." ಅಂಚಿನಲ್ಲಿ: "ಖರೇ ಏನ್ರಿ? ಪೆನ್ಸಿಲ್ ಚೂಪ ಮಾಡ್ಕೊಂಡು ಬರದೀರಲ್ಲ."

"ಅಂಚಿನಲ್ಲಿ ಇನ್ನೆಂದೂ ಬರೆಯುವುದಿಲ್ಲ." ಅಂಚಿನಲ್ಲಿ: "ಈಗ ಏನ್ ಮಾಡಾಕತ್ತೀರಿ?"

ಹುಡುಗಿ ಹಾಳೆಯನ್ನು ಇಣುಕಿ ನೋಡಿದಳು. ಚೀಲ ತಡಕಿ ಇನ್ನೊಂದು ಹಾಳೆ ತೆಗೆದಳು. ಅದರಲ್ಲಿ ಇದ್ದದ್ದು ಇಷ್ಟು: "ಝೆರಾಕ್ಸಿನಲ್ಲಿ ಅಂಚು ಇರಲಿಲ್ಲ. ಅದಕ್ಕೆ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದೆ. ಈಗ ಅಳಿಸಿದ್ದೇನೆ. ಗ್ರಂಥಾಲಯದ ಪುಸ್ತಕದಲ್ಲಿ ಮತ್ತೆ ಬರೆಯುವುದಿಲ್ಲ."

ನಾನಾಗಿದ್ದರೆ ಒಂದು ಪದವನ್ನೂ ಕತ್ತರಿಸದೆ ಅಚ್ಚಿಗೆ ಕಳಿಸುತ್ತಿದ್ದೆ. ಗ್ರಂಥಪಾಲಕರು ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿದರು.

"ಇದು ಛಲೋ ಐತಿ," ಎಂದು ಎರಡನೆಯದನ್ನು ಫೈಲಿಗೆ ಸೇರಿಸಿ, ಪೆನ್ನಿನ ಮುಚ್ಚಳ ತೆಗೆದು, ಅವಳ ಚೀಟಿಗೆ ಸಹಿ ಮಾಡಿ ದಾಟಿಸಿದರು.

ಹುಡುಗಿ ಚೀಟಿಯನ್ನು ಕಣ್ಣಿಗೊತ್ತಿಕೊಂಡಳು. ಓಡಬೇಕಾದವಳು ಅಲ್ಲೇ ನಿಂತು ಅದನ್ನು ಓದಿದಳು.

"ಸರ, ಸಿಟ್ಟಾಗಬ್ಯಾಡ್ರಿ. ತಾರೀಖು ಹಾಕಿಲ್ರಿ."

ಗ್ರಂಥಪಾಲಕರು ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ತಾರೀಖು ಹಾಕಿದರು.