ದೋಣಿಗೆ ಬೆಲ್ಟು ಹಾಕಿದ ದಿನ

ಕ್ರೇನಿಗೆ ಕೈಸನ್ನೆ ಮಾಡುವುದನ್ನೂ ಶಾಲೆಗೆ ಹೋದಂತೆ ಹೋಗಿ ಕಲಿಯಬೇಕೇ ಎಂದು ನಮ್ಮ ಮನೆಯಲ್ಲಿ ನಗದವರಿಲ್ಲ. ಹೊಳೆ ಸಮುದ್ರ ಸೇರುವ ಕೋಡಿಬಾಗದ ನಮ್ಮ ಮೀನುಗಾರರ ಕೇರಿಯಲ್ಲಿ ಕೈ ಬೀಸಿ ಕೂಗುವುದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ. ಬಲೆ ಎಳೆಯುವ ದಿನ ದಂಡೆಯ ಮೇಲೆ ನಿಂತ ಪ್ರತಿಯೊಬ್ಬನೂ ಯಜಮಾನನೇ. ಅಕ್ಕ ನಕ್ಕಳು, ಚಿಕ್ಕಪ್ಪ ನಕ್ಕ. ಅಪ್ಪ ಮಾತ್ರ ನಗಲೂ ಇಲ್ಲ, ಬೈಯಲೂ ಇಲ್ಲ. ಮಗ ಸಮುದ್ರ ಬಿಟ್ಟು ಕಬ್ಬಿಣ ಎತ್ತಲು ಹೊರಟಿದ್ದು ಅವನಿಗೆ ತೀರಾ ಅವಮಾನವಾಗಿತ್ತು. ಹಲವು ದಿನ ನನ್ನ ಜೊತೆ ಮಾತೇ ಬಿಟ್ಟಿದ್ದ.

ತರಬೇತಿ ನಡೆದದ್ದು ಮಲ್ಲಾಪುರದ ಹತ್ತಿರ, ಒಬ್ಬ ಗುತ್ತಿಗೆದಾರರ ಯಾರ್ಡಿನಲ್ಲಿ. ಕಲಿಸುತ್ತಿದ್ದವರು ಅಂಕೋಲೆ ಹತ್ತಿರದ ಶೆಟಗೇರಿ ಊರಿನವರು. ಹುಡುಗುತನದಲ್ಲಿ ಗದ್ದೆ ಕೆಲಸ ಮಾಡಿದವರು, ಆಮೇಲೆ ಬಂದರುಗಳಲ್ಲಿ, ಸೇತುವೆಗಳಲ್ಲಿ ಭಾರ ಎತ್ತಿಸುತ್ತ ಊರೂರು ತಿರುಗಿ ಬಂದಿದ್ದರು. ನಾವು ಅವರನ್ನು ಮಾಸ್ತರು ಎಂದೇ ಕರೆಯುತ್ತಿದ್ದೆವು. ಬಾಯಲ್ಲಿ ಸದಾ ಎಲೆಯಡಿಕೆ ಇರುತ್ತಿದ್ದುದರಿಂದ ಅವರಿಗೆ ಹೆಚ್ಚು ಮಾತಾಡಲು ಅನುಕೂಲವೂ ಇರಲಿಲ್ಲ. ಭಾರ ಎತ್ತುವ ಬೆಲ್ಟಿನ ಮೇಲೆ ಯಾರಾದರೂ ಕಾಲಿಟ್ಟರೆ ಮಾತ್ರ, ಊಟದ ಎಲೆಗೆ ಕಾಲಿಟ್ಟವರನ್ನು ನೋಡುವಂತೆ ನೋಡುತ್ತಿದ್ದರು.

ಮೊದಲ ವಾರವಿಡೀ ಅವರು ನಮಗೆ ಕ್ರೇನನ್ನು ಮುಟ್ಟಿಸಲೇ ಇಲ್ಲ. ಬೆಲ್ಟನ್ನು ನೆಲದ ಮೇಲೆ ಹಾಸಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ, ಎಲ್ಲಿ ಸವೆದಿದೆ, ಎಲ್ಲಿ ಕೊಯ್ದುಹೋಗಿದೆ ಎಂದು ಹುಡುಕಿಸಿದರು. ಬಲೆಯ ಕಣ್ಣು ಹರಿದದ್ದನ್ನು ಬೆರಳಲ್ಲೇ ಕಂಡುಹಿಡಿಯುವ ಮನೆಯಿಂದ ಬಂದ ನನಗೆ ಅದು ನೀರು ಕುಡಿದಷ್ಟು ಸುಲಭವಾಗಿತ್ತು. ಆದರೆ ನಾವು ಹರಿದ ಬಲೆಯನ್ನು ಕೂತು ಹೆಣೆಯುವವರು, ಮಾಸ್ತರು ಹರಿದ ಬೆಲ್ಟನ್ನು ಕತ್ತರಿಸಿ ಎಸೆಯುವವರು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆಮೇಲೆ ಸನ್ನೆಗಳು. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಕೆಳಗೆ ಮಾಡಿ ತಿರುಗಿಸಿದರೆ ಇಳಿಸು, ತೋಳು ಪಕ್ಕಕ್ಕೆ ಚಾಚಿ ಅಂಗೈ ಕೆಳಗೆ ಮಾಡಿದರೆ ನಿಲ್ಲಿಸು. ಕ್ರೇನ್ ಡ್ರೈವರಿಗೆ ಸನ್ನೆ ಕೊಡುವವನು ಒಬ್ಬನೇ, ಆದರೆ ನಿಲ್ಲಿಸು ಎನ್ನಲು ಯಾರಿಗೂ ಹಕ್ಕಿದೆ. ಭಾರವನ್ನು ಗೇಣುದ್ದ ಮಾತ್ರ ಎತ್ತಿಸಿ, ನಿಲ್ಲಿಸಿ, ಸುತ್ತ ನೋಡಿ, ಆಮೇಲೆ ಮುಂದುವರಿಸಬೇಕು. ಅದರ ಕೆಳಗೆ ಯಾರೂ ಇರಬಾರದು, ಅದಕ್ಕೆ ಯಾರೂ ಕೈ ಹಚ್ಚಬಾರದು. ಸಂಜೆ ಬಸ್ಸಿನಲ್ಲಿ ಕಿಟಕಿಯಾಚೆ ಕೈ ಚಾಚಿ ಇದನ್ನೆಲ್ಲ ಅಭ್ಯಾಸ ಮಾಡುತ್ತಿದ್ದೆ. ಒಮ್ಮೆ ಡ್ರೈವರು ಯಾರೋ ಇಳಿಯುವವರಿದ್ದಾರೆಂದು ಬಸ್ಸು ನಿಲ್ಲಿಸಿದ. ಕಂಡಕ್ಟರ್ ನನ್ನ ಜನ್ಮ ಜಾಲಾಡಿದ. ಆ ಬಸ್ಸು, ಆ ಬೈಗುಳ, ಬುತ್ತಿಯಲ್ಲಿ ಆರಿದ ಮೀನುಸಾರಿನ ವಾಸನೆಗೆ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದುದು, ಈಗಲೂ ನೆನೆದರೆ ಖುಷಿಯಾಗುತ್ತದೆ.

ನಾನು ಎಡವಿದ್ದು ಹಗ್ಗದಲ್ಲಿ. ಎತ್ತಿದ ಭಾರ ತಿರುಗದಂತೆ ಅದಕ್ಕೊಂದು ಹಗ್ಗ ಕಟ್ಟಿ ದೂರದಿಂದ ಹಿಡಿದುಕೊಳ್ಳುತ್ತಾರೆ. ಮಾಸ್ತರು ಕಾಂಕ್ರೀಟು ತುಂಬಿದ ಡ್ರಮ್ಮೊಂದನ್ನು ಎತ್ತಿಸಿ ಹಗ್ಗವನ್ನು ನನಗೆ ಕೊಟ್ಟರು. ಕೈಗೆ ಬಂದದ್ದೇ ತಡ ನಾನು ಅದನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡೆ. ನಮ್ಮಲ್ಲಿ ಹಗ್ಗ ಹಿಡಿಯುವುದೆಂದರೆ ಹಾಗೆಯೇ. ಬಲೆ ತುಂಬ ಮೀನಿರುವಾಗ ಹಗ್ಗ ಬಿಟ್ಟವನ ಮುಖವನ್ನು ಕೇರಿಯಲ್ಲಿ ಯಾರೂ ನೋಡುವುದಿಲ್ಲ. ಗಾಳಿಗೆ ಡ್ರಮ್ಮು ತಿರುಗಿತು, ನಾನು ಬಿಡಲಿಲ್ಲ, ಧೂಳಿನಲ್ಲಿ ಬೋರಲು ಬಿದ್ದು ಎಳೆಸಿಕೊಂಡು ಹೋದೆ. ಮಾಸ್ತರು ತೋಳು ಚಾಚಿ ಕ್ರೇನು ನಿಲ್ಲಿಸಿದರು. ಎಲೆಯಡಿಕೆ ಉಗುಳಿ ಬಂದು ನನ್ನ ಪಕ್ಕ ಕೂತರು.

“ತಮಾ, ಹಗ್ಗ ಕೈಗೆ ಸುತ್ಕಂಡ್ರೆ ಲೋಡು ಹೋದಲ್ಲಿಗೆ ನೀನೂ ಹೋಗ್ತೆ. ಬಿಡೂದು ಕಲೀಬೇಕು ಮಾರಾಯಾ,” ಅಂದರು.

ಮುಂಗೈ ಚರ್ಮ ಸುಲಿದಿತ್ತು. ಮನೆಯಲ್ಲಿ ಕೇಳಿದವರಿಗೆ ಬಸ್ಸಿನ ಬಾಗಿಲಿಗೆ ತಾಗಿತು ಅಂದೆ. ಅಪ್ಪ ಆ ಗಾಯವನ್ನು ಒಮ್ಮೆ ನೋಡಿದ. ಅದು ಹಗ್ಗದ ಗಾಯ ಎಂದು ಅವನಿಗೆ ತಿಳಿಯದೇ ಇರಲಿಲ್ಲ.

ತರಬೇತಿ ಮುಗಿಸಿ ನಾನು ಕೆಲಸಕ್ಕೆ ಸೇರಿದ ವರ್ಷವೇ ಅಪ್ಪ ದೋಣಿ ಕೊಟ್ಟುಬಿಟ್ಟ. ಮೊಣಕಾಲು ಕೇಳುತ್ತಿರಲಿಲ್ಲ, ಹಲಗೆಗಳೂ ಕೇಳುತ್ತಿರಲಿಲ್ಲ, ಕೇರಿಯವರೆಲ್ಲ ಫೈಬರ್ ದೋಣಿ ಮಾಡಿಕೊಂಡಿದ್ದರು. ಅಂಕೋಲೆ ಕಡೆಯ ರೆಸಾರ್ಟಿನವರೊಬ್ಬರು ಅದನ್ನು ಅಂಗಳದಲ್ಲಿ ನಿಲ್ಲಿಸಿ ದೀಪ ಹಾಕುತ್ತೇವೆಂದು ಕೊಂಡರು. ಮೀನು ಹಿಡಿದ ದೋಣಿಗೆ ಮದುವೆಮನೆಯ ದೀಪವೇ ಎಂದು ಚಿಕ್ಕಪ್ಪ ಕುಹಕವಾಡಿದ. ಒಯ್ಯುವ ದಿನ ಬಾಡಿಗೆಯ ಕ್ರೇನು ಬಂತು, ಲಾರಿ ಬಂತು. ಕ್ರೇನಿನ ಡ್ರೈವರು ಇಳಿದವನೇ ಸನ್ನೆ ಕೊಡುವವರು ಯಾರು ಎಂದು ಕೇಳಿದ. ದಂಡೆಯಲ್ಲಿದ್ದವರೆಲ್ಲ ಕೈ ಎತ್ತಿದರು. ನಾನು ಅವರನ್ನೆಲ್ಲ ಹಿಂದೆ ಸರಿಸಿ, ನಾನೊಬ್ಬನೇ ಅಂದೆ.

ದೋಣಿಯ ಅಡಿಗೆ ಮುಂದೊಂದು, ಹಿಂದೊಂದು ಬೆಲ್ಟು ಹಾಕಿದೆ. ಬೆಲ್ಟು ಬಿಗಿಯುವಾಗ ದೋಣಿಯ ಅಂಚುಗಳು ಒಳಕ್ಕೆ ಕುಸಿಯದಂತೆ ಅಡ್ಡಕ್ಕೆ ತೆಂಗಿನ ಮರದ ತುಂಡುಗಳನ್ನು ಕೊಟ್ಟೆ, ತಾಗುವಲ್ಲಿ ಗೋಣಿಚೀಲ ಮಡಚಿಟ್ಟೆ. ದೋಣಿ ತಿರುಗದಂತೆ ಹಿಡಿಯಲು ಮೂತಿಗೆ ಹಗ್ಗ ಕಟ್ಟಿ, ಸಹಾಯಕ್ಕೆಂದು ಬಂದಿದ್ದ, ನನ್ನ ಜೊತೆ ಕೆಲಸ ಮಾಡುವವನೊಬ್ಬನಿಗೆ ಕೊಟ್ಟೆ. ಮಾಸ್ತರು ನೋಡಿದ್ದರೆ ತಲೆಯಾಡಿಸುತ್ತಿದ್ದರು ಅಂದುಕೊಂಡು ಒಳಗೊಳಗೇ ಹಿಗ್ಗಿದೆ. ಬೆರಳು ತಿರುಗಿಸಿದೆ. ಬೆಲ್ಟು ಬಿಗಿಯಿತು, ಹಲಗೆಗಳು ಕಿರುಗುಟ್ಟಿದವು, ದೋಣಿ ಮರಳಿನಿಂದ ಗೇಣುದ್ದ ಮೇಲೆದ್ದಿತು. ನಿಲ್ಲಿಸಿದೆ. ಸುತ್ತ ನೋಡಲು ಹೊಳೆಯ ಕಡೆಯ ಬದಿಗೆ ಹೋದೆ. ಕ್ರೇನಿನೊಳಗಿಂದ ಆ ಬದಿ ಕಾಣುವುದಿಲ್ಲ.

ಅಲ್ಲಿ ಅಪ್ಪ ನಿಂತಿದ್ದ. ದೋಣಿಯ ಹಿಂಭಾಗದ ಗೂಟಕ್ಕೆ ತಾನೇ ಒಂದು ಹಗ್ಗ ಕಟ್ಟಿ, ಅದರ ತುದಿಯನ್ನು ಮುಂಗೈಗೆ ಸುತ್ತಿಕೊಂಡಿದ್ದ. ಇನ್ನೊಂದು ಕೈ ದೋಣಿಯ ಮೈಮೇಲಿತ್ತು. ಅವನ ಹಿಂದೆ ಚಿಕ್ಕಪ್ಪ, ಅಕ್ಕ, ಕೇರಿಯ ಅರ್ಧ ಜನ, ಎಲ್ಲರ ಕೈಯೂ ದೋಣಿಯ ಮೇಲೆ. ನಮ್ಮಲ್ಲಿ ಮಳೆಗಾಲ ಮುಗಿದು ದೋಣಿ ಮೊದಲ ಸಲ ನೀರಿಗಿಳಿಯುವಾಗ ಮನೆಮಂದಿಯೆಲ್ಲ ಅದರ ಮೈಗೆ ಕೈ ಹಚ್ಚಿ ನೂಕಬೇಕು. ಕೈ ಹಚ್ಚದವರು ಆ ದೋಣಿಗೆ ಹೊರಗಿನವರು. ಈ ಸಲ ದೋಣಿ ನೀರಿಗಲ್ಲ, ಲಾರಿಗೆ ಹೊರಟಿತ್ತು. ಆದರೂ ಕೈ ಹಚ್ಚದೆ ಕಳಿಸಲು ಅವರಿಗೆ ಮನಸ್ಸಿರಲಿಲ್ಲ.

ದೋಣಿ ಒಂದು ಸುತ್ತು ತಿರುಗಿದರೆ ಅಪ್ಪನ ಕೈ ಹೋಗುತ್ತಿತ್ತು, ಬೆಲ್ಟು ಜಾರಿದರೆ ಅಪ್ಪನೇ ಅಡಿಗೆ ಸಿಗುತ್ತಿದ್ದ. ಆದರೆ ಹುಟ್ಟಿದಾರಭ್ಯ ನಾನು ಅಪ್ಪನಿಗೆ ಸರಿದು ನಿಲ್ಲು ಎಂದವನಲ್ಲ. ಊರವರೆದುರು ಹೇಳಿದರೆ ಅವನು ಕೇಳುತ್ತಾನೆಂಬ ಧೈರ್ಯವೂ ಇರಲಿಲ್ಲ. ಹಟಕ್ಕೆ ಬಿದ್ದರೆ ಅಪ್ಪ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳುವವನೇ. ನಾನು ಡ್ರೈವರಿಗೆ ಕಾಣುವಲ್ಲಿಗೆ ಓಡಿ, ಬೆರಳು ಕೆಳಗೆ ಮಾಡಿ ದೋಣಿಯನ್ನು ಮತ್ತೆ ಮರಳಿನ ಮೇಲೆ ಇಳಿಸಿದೆ. ಬೆಲ್ಟು ಸಡಿಲವಾಗುವವರೆಗೂ ಇಳಿಸಿ ನಿಲ್ಲಿಸಿದೆ. ಡ್ರೈವರು ಗಡಿಯಾರ ತೋರಿಸಿ ರೇಗಿದ. ತಡೆ ಎಂದೆ.

ಎಲ್ಲರನ್ನೂ ಕರೆದು, ಈಗ ದೋಣಿ ನೆಲದ ಮೇಲಿದೆ, ಬೇಕಾದಷ್ಟು ಹೊತ್ತು ಕೈ ಹಚ್ಚಿ, ಆಮೇಲೆ ಆ ತೆಂಗಿನ ಮರದ ಆಚೆ ಹೋಗಿ ನಿಲ್ಲಿ, ಎಲ್ಲರೂ ಸರಿಯುವವರೆಗೆ ನಾನು ಎತ್ತಿಸುವುದಿಲ್ಲ ಅಂದೆ. ಅಕ್ಕ ಹಣೆ ತಾಗಿಸಿ ಅತ್ತಳು. ಚಿಕ್ಕಪ್ಪ, ಬಾಯಿ ಬಡಾಯಿ ಎಲ್ಲ ಬಿಟ್ಟು, ದೋಣಿಯ ಮೂತಿಯನ್ನು ಸವರಿ ಹೋದ. ಒಬ್ಬೊಬ್ಬರಾಗಿ ಮರದ ಆಚೆ ಸೇರಿದರು.

ಅಪ್ಪ ನಿಂತಲ್ಲೇ ಇದ್ದ. ನಾನು ಇಳಿಸಿದಾಗಲೇ ಅವನು ದೋಣಿಯಿಂದ ಕೈ ತೆಗೆದಿದ್ದ, ಆದರೆ ಹಗ್ಗ ಇನ್ನೂ ಮುಂಗೈಯಲ್ಲಿತ್ತು. ಹತ್ತಿರ ಹೋಗಿ, ಅಪ್ಪಾ, ಒಮ್ಮೆ ಮುಟ್ಟಿ ಸರಿದು ನಿಲ್ಲು ಅಂದೆ. ಅವನು ನನ್ನನ್ನು ನೋಡಲಿಲ್ಲ. ನಿಧಾನಕ್ಕೆ ಹಗ್ಗವನ್ನು ಒಂದೊಂದೇ ಸುತ್ತು ಬಿಚ್ಚಿದ. ತುದಿಯನ್ನು ಮರಳಿನ ಮೇಲೆ ಇಟ್ಟ.

“ನಾ ಮತ್ತೆ ಮುಟ್ಟೂದಿಲ್ಲ. ಮುಟ್ಟಿದ್ರೆ ಬಿಡೂಕೆ ಆಗೂದಿಲ್ಲ. ನೀ ಎತ್ತಸು,” ಅಂದ.

ಕೈಯನ್ನು ಹಿಂದೆ ಕಟ್ಟಿಕೊಂಡು, ಕುಂಟುತ್ತ, ನಾನು ತೋರಿಸಿದ ಮರದ ಆಚೆ ಹೋಗಿ ನಿಂತ. ಕೆಳಗೆ ಯಾರೂ ಇಲ್ಲವೆಂದು ನಾನು ಇನ್ನೊಮ್ಮೆ ಸುತ್ತ ನೋಡಿಕೊಂಡೆ. ಆಮೇಲೆ ಬೆರಳನ್ನು ಮೇಲೆತ್ತಿ ತಿರುಗಿಸಿದೆ.