ಸಿದ್ದಬಸಪ್ಪನವರ ಒಂದೇ ಪ್ರಶ್ನೆ

ಆದೋನಿಯ ಹತ್ತಿ ಮಂಡಿಯಲ್ಲಿ ಸಿದ್ದಬಸಪ್ಪನವರಷ್ಟು ಅನುಮಾನದ ಮನುಷ್ಯ ಇನ್ನೊಬ್ಬರಿರಲಿಲ್ಲ. ಹತ್ತಿಯ ದರ್ಜೆ ಹೇಳುವುದು ಅವರ ಕಸುಬು. ಮೂಟೆಯ ಮೇಲಿನ ಬೆಳ್ಳನೆಯ ಹತ್ತಿಯನ್ನು ಕಣ್ಣೆತ್ತಿಯೂ ನೋಡದೆ, ಮೊಣಕೈವರೆಗೆ ತೋಳು ತೂರಿಸಿ ನಡುವಿನದನ್ನು ಎಳೆಯುತ್ತಿದ್ದರು. ನೀರು ಚಿಮುಕಿಸಿದ್ದರೂ ಕಸ ತುರುಕಿದ್ದರೂ ಅಲ್ಲೇ ಬಯಲಾಗುತ್ತಿತ್ತು. ಹಾಲಿನ ಜಂಬಮ್ಮನನ್ನೂ ನಂಬರು, ಬಸ್ಸಿನ ಟಿಕೆಟನ್ನೂ ನಂಬರು. ನನ್ನನ್ನಂತೂ ಮೇಷ್ಟ್ರೆಂಬ ಒಂದೇ ಕಾರಣಕ್ಕೆ ನಂಬುತ್ತಿರಲಿಲ್ಲ.

೧೯೫೫ರಲ್ಲಿ ನಮ್ಮ ಬೀದಿಯ ವಾಚನಾಲಯಕ್ಕೆ ಪುಸ್ತಕ ನೋಡಿಕೊಳ್ಳುವವರು ಬೇಕಾದರು. ಕೌತಾಳಂನಿಂದ ಉರುಕುಂದಮ್ಮ ಎಂಬ ಹುಡುಗಿ ಕೆಲಸ ಕೇಳಿಕೊಂಡು ಬಂದಳು. ತಂದೆ ಹಾಸಿಗೆ ಹಿಡಿದಿದ್ದ. ಇದು ಸಿಗದಿದ್ದರೆ ಅವಳಿಗೆ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಧೂಳೇ ಗತಿ. ವಾಚನಾಲಯದ ಸಮಿತಿಯೆಂದರೆ ಸಿದ್ದಬಸಪ್ಪ ಮತ್ತು ನಾನು. ಅವರಿಗೆ ಅಕ್ಷರ ಬಾರದು, ಆದರೆ ಕಟ್ಟಡ ಅವರದು.

"ಓದೀನಿ ಅಂತ ಎಲ್ಲಾರೂ ಅಂತಾರ. ನಾನೇ ಪರೀಕ್ಷೆ ಮಾಡ್ತೀನಿ" ಎಂದರು.

ಅವರಿಗೆ ಗೊತ್ತಿದ್ದುದು ಒಂದೇ ಕಥೆ. ಎಂಟು ವರ್ಷದ ಹಿಂದೆ ಹೆಂಡತಿ ವೀರಬಸಮ್ಮ ಓದಿ ಹೇಳಿದ ಹಳೆಯ ರಷ್ಯನ್ ಕಥೆ. ದೋಣಿ ನಡೆಸುವವನೊಬ್ಬ ಜ್ವರ ಬಂದ ಮಗಳನ್ನು ಹೊತ್ತು, ಹಿಮದಲ್ಲಿ ಡಾಕ್ಟರನ ಊರಿಗೆ ನಡೆಯುತ್ತಾನೆ. ಆ ಪುಸ್ತಕ ಈಗ ವಾಚನಾಲಯದಲ್ಲೇ ಇತ್ತು. ವಾರ ಮೊದಲೇ ಅದನ್ನು ಉರುಕುಂದಮ್ಮನಿಗೆ ಕೊಟ್ಟು ಕಳಿಸಿದ್ದೆವು. ನಾನು ಅದನ್ನು ಓದಿರಲಿಲ್ಲ, ಹೇಳಿಕೊಳ್ಳಲು ನಾಚಿಕೆ.

ಪರೀಕ್ಷೆಯ ದಿನ ಸಿದ್ದಬಸಪ್ಪ ಒಂದೇ ಪ್ರಶ್ನೆ ಹಾಕಿದರು. "ಡಾಕ್ಟರು ಆ ಹುಡುಗಿಗೆ ಏನು ಕುಡಿಸ್ದ?"

"ಏನೂ ಇಲ್ರಿ. ಅಷ್ಟೊತ್ತಿಗೆ ಆಕಿ ಅಪ್ಪನ ಹೆಗಲ ಮ್ಯಾಲೇ ಸತ್ತಿರ್ತಾಳ."

"ಅಬದ್ಧ! ಶುಂಠಿ ಕಷಾಯ ಕುಡಿಸ್ತಾನ. ಆಕಿ ಕಣ್ಣು ತೆರೀತಾಳ. ನೀ ಓದೇ ಇಲ್ಲ, ಯಾರನ್ನೋ ಕೇಳ್ಕಂಡು ಬಂದೀದಿ!"

ರಷ್ಯದ ಡಾಕ್ಟರನಿಗೆ ಶುಂಠಿ ಕಷಾಯ ಎಲ್ಲಿಂದ ಬಂತೆಂದು ನನಗಾದರೂ ಹೊಳೆಯಬೇಕಿತ್ತು. ಉರುಕುಂದಮ್ಮ ಮಾತ್ರ ಮಾತು ಬದಲಿಸಲಿಲ್ಲ. ಅವಳು ವಾಪಸ್ಸು ತಂದಿದ್ದ ಪುಸ್ತಕ ತೆಗೆದು ನಾನು ಆ ಪುಟವನ್ನು ಗಟ್ಟಿಯಾಗಿ ಓದಿದೆ. ಮಗು ದಾರಿಯಲ್ಲೇ ಸತ್ತಿತ್ತು.

"ನೀನೂ ಆಕಿ ಕೂಡ ಸೇರ್ಕಂಡೀಯಾ, ಮೇಷ್ಟ್ರೇ? ನಡೀರಿ ಮನಿಗೆ. ವೀರಬಸಮ್ಮ ಓದ್ಲಿ. ಆಕಿ ಒಬ್ಬಾಕಿ ನನಗ ಸುಳ್ಳು ಹೇಳಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಆದರೂ ಹುಡುಗಿಗಾಗಿ, ಅವಳನ್ನೂ ಕರೆದುಕೊಂಡು ಹೋದೆ.

ವೀರಬಸಮ್ಮ ಪುಸ್ತಕ ಕೈಗೆ ತೆಗೆದುಕೊಂಡರು, ಬಿಡಿಸಲಿಲ್ಲ. "ಹುಡುಗಿ ಹೇಳಿದ್ದೇ ಖರೆ ಐತ್ರಿ."

"ಮತ್ತ ಕಷಾಯ?"

"ನಮ್ಮ ಕೂಸಿಗೆ ಜ್ವರ ಬಂದಾಗ ನಾ ಕುಡಿಸಿದ್ದು ಅದು. ಮಣ್ಣು ಮಾಡಿ ಬಂದು ನೀವು ಅನ್ನ ಬಿಟ್ಟು ಕುಂತಿದ್ರಿ. ಕಥಿಯಾಗಿನ ಕೂಸಾದ್ರೂ ಉಳೀಲಿ ಅಂತ ಹಂಗ ಹೇಳ್ದೆ."

ನಾನು ಬೈಗುಳಕ್ಕೆ ಕಾದೆ. ಉರುಕುಂದಮ್ಮ ಸೆರಗು ಹಿಂಡುತ್ತ ನಿಂತಿದ್ದಳು. ಸಿದ್ದಬಸಪ್ಪ ಕಟ್ಟೆಯ ಮೇಲೆ ಕುಳಿತರು.

"ಆ ಹುಡುಗಿ ಸಾಯೋ ಪುಟಾನ ನೀ ಒಬ್ಬಾಕೀನೇ ಓದ್ಕಂಡಿ" ಎಂದರು ಹೆಂಡತಿಗೆ. "ಎಂಟು ವರ್ಷ ನನಗ ಹೇಳ್ಲೇ ಇಲ್ಲ."

"ಹೂಂ."

"ಈಗ ನನಗೂ ಓದು."

ವೀರಬಸಮ್ಮನವರಿಗೆ ಎರಡು ಸಾಲಿಗಿಂತ ಮುಂದೆ ಓದಲಾಗಲಿಲ್ಲ. ಸಿದ್ದಬಸಪ್ಪ ಪುಸ್ತಕವನ್ನು ತೆಗೆದು ಉರುಕುಂದಮ್ಮನ ಕೈಗಿತ್ತರು. "ಓದವ್ವಾ. ಇನ್ನ ಮ್ಯಾಲೆ ನಿನ್ನ ಕೆಲ್ಸ ಇದು."

ಅವಳು ಕೊನೆಯವರೆಗೂ ಓದಿದಳು. ಗಂಡ ಹೆಂಡತಿ ಅಕ್ಕಪಕ್ಕ ಕುಳಿತು ಒಟ್ಟಿಗೆ ಅತ್ತರು.