ಬೆನಪ್ಪ ಕೂತ ಸ್ಟಡ್ಡು

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ಹುಣಸೂರಿನ ಹತ್ತಿರದ ನಮ್ಮೂರ ಪಟೇಲರ ಮನೆಯಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ನಾನು, ಅವರ ಹಳೇ ಕಾರಿಗೆ ಡ್ರೈವರ್ ಆಗಿದ್ದೆ. ಖಾಕಿ ಕೋಟು ಸಿಕ್ಕಿತ್ತು, ಜೊತೆಗೆ ಜಂಬವೂ ಬಂದಿತ್ತು. ಸುಳ್ಳು ಯಾಕೆ ಹೇಳಲಿ?

ಪಟೇಲರ ಮಗನಿಗೆ ಹೆಣ್ಣು ನೋಡಲು ಪಿರಿಯಾಪಟ್ಟಣಕ್ಕೆ ಹೋಗಬೇಕಿತ್ತು. ವಾಲ್ವ್ ಸೋರಿ ಕಾರು ದಿಬ್ಬವನ್ನೇ ಹತ್ತುತ್ತಿರಲಿಲ್ಲ. "ದಾರೀಲಿ ನಿಂತ್ರೆ ಕೋಟು ಬಿಚ್ಚಿಟ್ಟು ಮತ್ತೆ ಎತ್ತಿನ ಬಾಲ ಹಿಡ್ಕೋ ಕಣ್ಲಾ" ಅಂದರು ಪಟೇಲರು.

ಹೊರಡುವ ಹಿಂದಿನ ದಿನ ಬೆಳಿಗ್ಗೆಯೇ ಎಂಜಿನ್ನಿನ ಹೆಡ್ಡು, ಅಂದರೆ ಮೇಲಿನ ಮುಚ್ಚಳ, ಬಿಚ್ಚಿದೆ. ಅದನ್ನು ಹಿಡಿದಿಡುವ ಸ್ಟಡ್ಡುಗಳು ಕಬ್ಬಿಣದ ಗೂಟಗಳ ಹಾಗೆ ಸುತ್ತಲೂ ನಿಂತಿದ್ದವು. ನನಗೆ ಕೆಲಸ ಕಲಿಸಿದ ಮೈಸೂರಿನ ಸಾಬರು ಹೇಳಿದ್ದರು: "ವಾಲ್ವ್ ಮುಟ್ಟಿದಾಗೆಲ್ಲ ಒಂದೊಂದು ಸ್ಟಡ್ಡೂ ನೋಡಪ್ಪಾ. ನಟ್ಟು ಕೈಯಲ್ಲೇ ಕೊನೇ ತನಕ ಇಳೀಬೇಕು. ನಡುವೆ ತಡೆದ್ರೆ ಸ್ಟಡ್ಡು ಜಗ್ಗಿಹೋಗಿದೆ, ಬಿಗಿದ್ರೆ ಮುರಿಯುತ್ತೆ ಅಂತ."

ವಾಲ್ವ್ ಉಜ್ಜಿ ಮುಗಿಸಿ ನೋಡುತ್ತೇನೆ, ಪಟೇಲರ ತಾಯಿ ದೊಡ್ಡವ್ವ ಸಗಣಿ ಉಂಡೆಗೆ ಗರಿಕೆ ಚುಚ್ಚಿ, ಮೂಲೆಯ ಸ್ಟಡ್ಡಿಗೆ ಒರಗಿಸಿ ಬೆನಪ್ಪನನ್ನು, ಅಂದರೆ ಸಗಣಿ ಗಣಪನನ್ನು, ಕೂರಿಸಿಬಿಟ್ಟಿದ್ದಾರೆ! ಆ ಮನೆಯಲ್ಲಿ ಕುಡುಗೋಲು ಮಸೆಯುವ ಮುಂಚೆಯೂ ಬೆನಪ್ಪ ಕೂರಬೇಕು.

"ಒಂದ್ ಗಳಿಗೆ ಎತ್ತಿಡ್ಲಾ ಅವ್ವಾ?"

"ಕೂತಿರೋ ದ್ಯಾವ್ರನ್ನ ಎಬ್ಬುಸ್ತೀಯೇನ್ಲಾ? ಮಂಗಳಾರತಿ ಆಗ್ಲಿ, ನಾನೇ ಎತ್ತೀನಿ."

ಮಿಕ್ಕ ಸ್ಟಡ್ಡುಗಳನ್ನೆಲ್ಲ ನೋಡಿದೆ, ನಟ್ಟು ಸಲೀಸಾಗಿ ಇಳಿಯಿತು. ದೊಡ್ಡವ್ವ ಬೆನಪ್ಪನನ್ನು ಎತ್ತುವಷ್ಟರಲ್ಲಿ ಹೊತ್ತು ಇಳಿದಿತ್ತು. ಅದೊಂದು ಏನಾದೀತು ಬಿಡು ಅಂದುಕೊಂಡು, ಸಗಣಿ ಒರೆಸಿ ಹೆಡ್ಡು ಕೂರಿಸಿದೆ. ಆ ಮೂಲೆಯ ನಟ್ಟು ಅರ್ಧಕ್ಕೇ ಹಟ ಹಿಡಿಯಿತು. ನಾನು ಅದಕ್ಕಿಂತ ಹಟಮಾರಿ. ಸ್ಪ್ಯಾನರ್ ಹಾಕಿ ಎಳೆದು ಬಿಗಿದೆ.

ಮಾರನೆಯ ದಿನ ಅರ್ಧ ದಾರಿಯಲ್ಲಿ ಫಟ್ ಅಂತ ಸದ್ದು, ಹಿಂದೆಯೇ ಬುಸ್ ಅಂತ ಹಬೆ. ಪಟೇಲರು ಧುಮುಗುಟ್ಟುತ್ತಾ ಇಳಿದು ಬಾನೆಟ್ ಎತ್ತಿದ್ದೇ ತಡ, ತುಕ್ಕುನೀರು ಅವರ ಜರಿ ರುಮಾಲಿಗೂ ಬಿಳಿ ಕೋಟಿಗೂ ಓಕುಳಿ ಎರಚಿತು. ಮುರಿದದ್ದು ಅದೇ ಮೂಲೆಯ ಸ್ಟಡ್ಡು!

ಪಕ್ಕದ ಹೊಲದವರನ್ನು ಬೇಡಿಕೊಂಡು ಜೋಡೆತ್ತು ತಂದು ಕಾರಿಗೆ ಕಟ್ಟಿದೆ. ಮದುವೆ ಗಂಡು ಸ್ಟೀರಿಂಗ್ ಹಿಡಿದ, ಖಾಕಿ ಕೋಟಿನಲ್ಲೇ ನಾನು ಎತ್ತು ಹೊಡೆದೆ. ಹೆಣ್ಣಿನ ಮನೆ ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಹೆಣ್ಣಿನ ತಾತ ಮಾತ್ರ, "ನಿಮ್ಮ ಡ್ರೈವರು ಎತ್ತ ಬಲು ಸೊಗಸಾಗಿ ಒಡೀತಾನೆ ಕಣ್ರೀ" ಅಂದರು. ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಕ್ಕಳು, ಗಂಡೂ ನಕ್ಕ. ಪಟೇಲರು ಮಾತ್ರ ನಗಲಿಲ್ಲ.

ಮನೆಗೆ ಬಂದ ಕೂಡಲೇ, "ಬಿಚ್ಚಲಾ ಕೋಟ" ಅಂದರು. ಗುಂಡಿಗೆ ಕೈ ಹಾಕುತ್ತಾ, "ಬೆನಪ್ಪ ಅಲ್ಲಿ ಕೂತಿದ್ದ ಬುದ್ಧೀ, ಅದೊಂದ್ನ ನೋಡಕ್ಕಾಗ್ಲಿಲ್ಲ" ಎಂದು ದೇವರ ಮೇಲೇ ಹಾಕಿದೆ.

ಒಳಗಿನಿಂದ ದೊಡ್ಡವ್ವ ಬಂದರು. "ಅಷ್ಟು ಗೂಟ ಇದ್ರೂ ಕೆಟ್ಟದ್ರ ತಾವೇ ಯಾಕ್ ಕೂತ ಯೋಳು? ಇದ್ನ ನೋಡ್ಲಾ ಅಂತ ದಿನವೆಲ್ಲ ಕೂತ್ಕೊಂಡು ತೋರುಸ್ದ. ನಿಂಗೆ ಕಣ್ಣಿಲ್ಲ ಅಂದ್ರೆ ಅವನೇನ್ ಮಾಡಾನು?"

ಪಟೇಲರಿಗೆ ಆಗ ನಗು ತಡೆಯಲಾಗಲಿಲ್ಲ. "ಇರ್ಲಿ ಬುಡು, ಆಕ್ಕೋ ಕಣ್ಲಾ ಕೋಟ" ಅಂದರು. ನನಗೆ ಅಳುವೇ ಬಂತು.

ಆಮೇಲೆ ಪ್ರತಿ ಸಲ ಹೆಡ್ಡು ಬಿಚ್ಚಿದಾಗಲೂ, ದೊಡ್ಡವ್ವ ಬೆನಪ್ಪನನ್ನು ಎಲ್ಲಿ ಕೂರಿಸುತ್ತಾರೋ ಆ ಸ್ಟಡ್ಡನ್ನು ಗುರುತಿಟ್ಟುಕೊಂಡು, ಮಂಗಳಾರತಿ ಮುಗಿದದ್ದೇ ಅದಕ್ಕೇ ಕೈ ಹಾಕುತ್ತಿದ್ದೆ. ಈಗ ದೊಡ್ಡವ್ವ ಇಲ್ಲ. ಯಾವುದನ್ನು ಮೊದಲು ನೋಡಬೇಕೆಂದು ತೋರಿಸುವವರಿಲ್ಲದೆ, ಒಂದೊಂದನ್ನೂ ಎರಡೆರಡು ಸಲ ನೋಡುತ್ತೇನೆ.